ಐಸ್ ಕ್ರಷರ್ ಬಾಯಿಗೆ ತಮ್ಮ ಕಾಲು ಕೊಡುತ್ತಾನೆ, ಏನು ಹೇಳಿದರೆ ಕೇಳಿಯಾನು?

ಉದ್ಯಾವರದ ಅಕ್ಕ:

ಎಲ್ಲರಿಗೂ ನಮಸ್ಕಾರ. ಮೆಷಿನ್ ಕೆಲಸ ಗೊತ್ತಿದ್ದವರು ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ 22 ವರ್ಷ. ಐಟಿಐ ಅರ್ಧಕ್ಕೆ ಬಿಟ್ಟು ಮನೆಯಲ್ಲೇ ಇದ್ದ. ಜುಲೈ 31ಕ್ಕೆ ಮೀನುಗಾರಿಕೆ ರಜೆ ಮುಗಿದು ಬೋಟುಗಳು ಹೊರಟ ಮೇಲೆ ಮಲ್ಪೆ ಹತ್ತಿರದ ಒಂದು ಐಸ್ ಪ್ಲಾಂಟಿಗೆ ಸೇರಿದ್ದಾನೆ. ಸಂಬಳ ಪರವಾಗಿಲ್ಲ. ಸೀಸನ್ ಆದ್ದರಿಂದ ಓಟಿ ಕೂಡ ಸಿಗುತ್ತದೆ.

ಮೊನ್ನೆ ಅವನು ಮೊಬೈಲ್ ಮನೆಯಲ್ಲೇ ಬಿಟ್ಟು ಹೋಗಿದ್ದ. ಕೊಡಲು ಹೋದಾಗ ಅವನ ಕೆಲಸ ಮೊದಲ ಸಲ ನೋಡಿದೆ. ಇಬ್ಬರು ಹುಡುಗರು ಕೊಕ್ಕೆ ಹಾಕಿ ಐಸ್ ಬ್ಲಾಕ್ ಎಳೆದು ತರುತ್ತಾರೆ. ನನ್ನ ತಮ್ಮ ಐಸ್ ಪುಡಿ ಮಾಡುವ ಕ್ರಷರಿನ ಬಾಯಿಯ ಹತ್ತಿರ ನಿಂತು ಅದನ್ನು ಒಳಗೆ ದೂಡುತ್ತಾನೆ. ಬ್ಲಾಕ್ ಅಡ್ಡ ಸಿಕ್ಕಿಕೊಂಡರೆ ಮೇಲಿನ ಪೈಪು ಹಿಡಿದುಕೊಂಡು ಕಾಲಲ್ಲೇ ಒತ್ತುತ್ತಾನೆ! ಕಾಲಿಗೆ ಹವಾಯಿ ಚಪ್ಪಲಿ. ಕುತ್ತಿಗೆಗೆ ಬೈರಾಸು (ಟವೆಲ್). ನೆಲ ಪೂರ್ತಿ ಒದ್ದೆ. ಕ್ರಷರಿನ ತಗಡಿನ ಕವರ್ ಗೋಡೆಗೆ ಒರಗಿಸಿ ಇಟ್ಟಿತ್ತು. ಅದರ ಮೇಲೆ ಯಾರದೋ ಅಂಗಿ ಒಣಗುತ್ತಿತ್ತು.

ಮನೆಗೆ ಬಂದಾಗ ಕೇಳಿದೆ. "ನಿನಗೆ ಗೊತ್ತಾಗುವುದಿಲ್ಲ ಅಕ್ಕ, ಎಲ್ಲರೂ ಹಾಗೇ ಮಾಡುವುದು" ಎಂದ. ಜಾಮ್ ಆದರೆ ಆಫ್ ಮಾಡಿ ಕಬ್ಬಿಣದ ರಾಡಿನಲ್ಲಿ ಕುಟ್ಟುತ್ತಾರಂತೆ. ಕರೆಂಟ್ ಹೋದರೆ ಇನ್ನೂ ಒಳ್ಳೆಯದಂತೆ, ಆರಾಮಾಗಿ ಕೈ ಹಾಕಿ ಕ್ಲೀನ್ ಮಾಡಬಹುದಂತೆ.

ನಾನು ಸುಮ್ನೆ ಹೆದರುತ್ತಿದ್ದೇನಾ ಅಥವಾ ನಿಜಕ್ಕೂ ಅಪಾಯ ಉಂಟಾ? ಅವನಿಗೆ ಹೇಗೆ ಹೇಳಬೇಕು? ದೇವರು ದೊಡ್ಡವನು, ಆದರೂ ಏನಾದರೂ ಆದರೆ ಕಂಪನಿಯವರು ಏನು ಕೊಡಬೇಕು? "ಕೆಲಸ ಬಿಡಿಸಿ" ಎಂದು ಮಾತ್ರ ಹೇಳಬೇಡಿ. ಅಮ್ಮನ ಮದ್ದಿನ ಖರ್ಚು ಅವನ ಸಂಬಳದಲ್ಲೇ ನಡೆಯುವುದು.

ಬೈಕಂಪಾಡಿ ಫಿಟ್ಟರ್:

ತಂಗಿ, ನೀವು ಸುಮ್ನೆ ಹೆದರುತ್ತಿಲ್ಲ. ಬರೆದದ್ದು ಓದಿ ನನಗೂ ಮಂಡೆ ಬಿಸಿ ಆಯಿತು.

ನಾನು ಮೆಯಿಂಟೆನೆನ್ಸ್ ಫಿಟ್ಟರ್ ಆಗಿದ್ದವನು. ಬೈಕಂಪಾಡಿ, ಉಳ್ಳಾಲ, ಮುಕ್ಕ ಎಂದು ತಿರುಗಿದ್ದೇನೆ. ಫಿಶ್ ಮೀಲ್ (ಮೀನಿನ ಪುಡಿ), ಗೇರುಬೀಜ, ಪ್ಲಾಸ್ಟಿಕ್, ಐಸ್ ಪ್ಲಾಂಟ್, ಎಲ್ಲ ಕಡೆ ಸ್ಪ್ಯಾನರ್ ಹಿಡಿದು ಆಗಿದೆ. ಈಗ ರಿಟೈರ್. ಹಾಗಾಗಿ ಬರೆಯಲು ಪುರುಸೊತ್ತು ಉಂಟು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ಕಾಲಿನ ವಿಷಯ. ಬ್ಲಾಕ್ ಅಡ್ಡ ಸಿಕ್ಕಿ ನಿಂತಿದೆ. ನಿಮ್ಮ ತಮ್ಮ ಮೈಭಾರ ಪೂರ್ತಿ ಒಂದು ಕಾಲಿಗೆ ಹಾಕಿ ಒತ್ತುತ್ತಾನೆ. ಕೆಳಗೆ ತಿರುಗುವ ಡ್ರಮ್ಮಿನ ಮುಳ್ಳುಗಳು ಐಸನ್ನು ತಿನ್ನುತ್ತಲೇ ಇವೆ. ಐಸ್ ಹೇಳಿ ಕೇಳಿ ಒಡೆಯುವುದಿಲ್ಲ, ಥಟ್ಟನೆ ಎರಡು ಹೋಳಾಗುತ್ತದೆ. ಆಗ ಆ ಕಾಲನ್ನು ತಡೆಯಲು ಅಲ್ಲಿ ಏನೂ ಇಲ್ಲ. ಎಲ್ಲಿಗೆ ಒತ್ತುತ್ತಿದ್ದನೋ ಅಲ್ಲಿಗೇ ಹೋಗುತ್ತದೆ. ಪೈಪು ಹಿಡಿದಿದ್ದೇನೆ ಎಂದು ಅವನು ಹೇಳಬಹುದು. ಒದ್ದೆ ಕೈ, ಒದ್ದೆ ಪೈಪು.

"ನಾನು ಚುರುಕಾಗಿದ್ದೇನೆ, ಎಳೆದುಕೊಳ್ಳುತ್ತೇನೆ" ಎನ್ನುವುದು ಈ ವಯಸ್ಸಿನ ಎಲ್ಲ ಹುಡುಗರ ಮಾತು. ಅವನಿಗೆ ಈ ಲೆಕ್ಕ ಹೇಳಿ. ಮಾಮೂಲಿ ಫೋರ್ ಪೋಲ್ ಮೋಟಾರ್ ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 24. ಪುಲ್ಲಿ ಹಾಕಿ ಡ್ರಮ್ಮಿನ ಸ್ಪೀಡ್ ಕಡಿಮೆ ಮಾಡಿರುತ್ತಾರೆ, ನಿಜ. ಅದರ ಮೂರನೇ ಒಂದು ಪಾಲು ಎಂದೇ ಇಟ್ಟುಕೊಳ್ಳಿ, ಆದರೂ ಸೆಕೆಂಡಿಗೆ 8 ಸುತ್ತು. ಏನೋ ಹಿಡಿಯಿತು ಎಂದು ಮಂಡೆಗೆ ಗೊತ್ತಾಗಿ ಕಾಲು ಎಳೆಯಲು ಹೊರಡುವಷ್ಟರಲ್ಲಿ ಡ್ರಮ್ ಒಂದೂವರೆ ಸುತ್ತು ಮುಗಿಸಿರುತ್ತದೆ. ಒಂದು ಸುತ್ತಿಗೆ ಮುಳ್ಳಿನ ಸಾಲು ಎಷ್ಟು ಸಲ ಬರುತ್ತದೆ ಎಂದು ಅವನೇ ಲೆಕ್ಕ ಹಾಕಲಿ.

ಆದರೆ ನಿಜ ಹೇಳಬೇಕೆಂದರೆ ನನಗೆ ಜಾಸ್ತಿ ಹೆದರಿಕೆ ಆದದ್ದು ನಿಮ್ಮ ಕಡೆಯ ಮಾತಿಗೆ. ಕರೆಂಟ್ ಹೋದಾಗ ಆರಾಮಾಗಿ ಕೈ ಹಾಕುವುದು! ಓಡುವ ಮೆಷಿನಿಗೆ ಎಲ್ಲರೂ ಹೆದರುತ್ತಾರೆ. ಸದ್ದು ಉಂಟಲ್ಲ. ನಾನು ಕಂಡ ಹಾಗೆ ಕೈ ಹೋಗುವುದು ಜಾಸ್ತಿ ನಿಂತ ಮೆಷಿನಿನಲ್ಲಿ. ಜಾಮ್ ಬಿಡಿಸುವಾಗ, ಗ್ರೀಸ್ ಹಾಕುವಾಗ, ತೊಳೆಯುವಾಗ.

ಒಂದು ಫಿಶ್ ಮೀಲ್ ಫ್ಯಾಕ್ಟರಿಯಲ್ಲಿ ಆದದ್ದು. ಜೋರು ಮಳೆ, ಕರೆಂಟ್ ಹೋಯಿತು. ತಿರುಗುತ್ತಾ ಮೀನನ್ನು ಮುಂದೆ ದೂಡುವ ಸ್ಕ್ರೂ ಕನ್ವೇಯರ್ ಒಳಗೆ ಮೀನು ಕಚ್ಚಿಕೊಂಡಿತ್ತು. ಬೇಯಿಸಿದ ಮೀನಿನ ಮುದ್ದೆ ತಣ್ಣಗಾದರೆ ಸಿಮೆಂಟಿನ ಹಾಗೆ ಹಿಡಿಯುತ್ತದೆ, ಅದಕ್ಕೇ ಬೇಗ ತೆಗೆಯಬೇಕು. ಹೆಲ್ಪರ್ ಮೇಲಿನ ತಗಡು ಎತ್ತಿ ಮೊಣಕೈ ತನಕ ಕೈ ಹಾಕಿದ್ದ. ಅಲ್ಲಿ ಇದ್ದದ್ದು ಹಳೆ ಹಿಡಿಕೆ ಸ್ವಿಚ್ಚು, ಆನ್‌ನಲ್ಲೇ ಉಳಿದಿತ್ತು. ಮೆಸ್ಕಾಂನವರು ಲೈನಿಗೆ ಮತ್ತೆ ಕರೆಂಟ್ ಬಿಟ್ಟರು. ಸ್ಕ್ರೂ ಎಂದರೆ ಕೊಡುವುದೂ ಇಲ್ಲ, ಬಿಡುವುದೂ ಇಲ್ಲ, ಒಳಗೆ ಎಳೆಯುವುದು ಒಂದೇ ಕೆಲಸ ಅದಕ್ಕೆ. ಕೈ ಹೊರಗೆ ತೆಗೆಯಲು ನಾವು ಬೋಲ್ಟ್ ಬಿಚ್ಚಿ ಶಾಫ್ಟನ್ನು ಪೈಪ್ ರೆಂಚಿನಲ್ಲಿ ಹಿಂದಕ್ಕೆ ತಿರುಗಿಸಬೇಕಾಯಿತು. ಅವನಿಗೆ ಅಷ್ಟೂ ಹೊತ್ತು ಎಚ್ಚರ ಇತ್ತು. ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ.

ಹಾಗಾದರೆ ಜಾಮ್ ಬಿಡಿಸುವುದು ಹೇಗೆ? ಸ್ಟಾಪ್ ಬಟನ್ ಒತ್ತಿದರೆ ಸಾಲದು. ಯಾರಾದರೂ ಆ ಕಡೆಯಿಂದ ಬಂದು "ಏ ನಿಂತಿದೆಯಲ್ಲ" ಎಂದು ಸ್ಟಾರ್ಟ್ ಒತ್ತಬಹುದು. ಕ್ರಷರಿನ ಮೈನ್ ಸ್ವಿಚ್ ಆಫ್ ಮಾಡಬೇಕು. ಅದಕ್ಕೆ ಬೀಗ ಹಾಕುವ ತೂತು ಇದ್ದರೆ ಬೀಗ, ಕೀ ತನ್ನ ಜೇಬಿಗೆ. ಬೀಗಕ್ಕೆ ಜಾಗ ಇಲ್ಲದಿದ್ದರೆ ಸ್ವಿಚ್ ಆಫ್ ಆದ ಮೇಲೆ ಮೂರೂ ಫ್ಯೂಸ್ ಗ್ರಿಪ್ ತೆಗೆದು ಜೇಬಿಗೆ ಹಾಕಬೇಕು. ಇದನ್ನು ಒಮ್ಮೆ ಅಲ್ಲಿಯ ಎಲೆಕ್ಟ್ರಿಷಿಯನ್ ಕೈಯಲ್ಲಿ ತೋರಿಸಿಕೊಳ್ಳಲಿ, ಯಾವ ಸ್ವಿಚ್ ಯಾವ ಮೋಟಾರಿನದು ಎಂದು ಅವನಿಗೇ ಗೊತ್ತಿರುವುದು. ಆಮೇಲೆ ಹೋಗಿ ಸ್ಟಾರ್ಟ್ ಬಟನ್ ಒತ್ತಿ ನೋಡಬೇಕು. ತಿರುಗಬಾರದು. ಕೆಲವು ಕಡೆ ತಿರುಗುತ್ತದೆ ಮಾರಾಯ್ತಿ! ಬೋರ್ಡಿನಲ್ಲಿ ಹೆಸರು ಒಂದು, ಒಳಗಿನ ವಯರ್ ಇನ್ನೊಂದು ಮೆಷಿನಿಗೆ.

ಇಷ್ಟಾದ ಮೇಲೂ ಡ್ರಮ್ ಪೂರ್ತಿ ನಿಲ್ಲುವ ತನಕ ಕಾಯಬೇಕು. ಫ್ಲೈವೀಲ್ (ಭಾರದ ಚಕ್ರ) ಇದ್ದರೆ ಆಫ್ ಆದ ಮೇಲೂ ಬಹಳ ಹೊತ್ತು ತಿರುಗುತ್ತದೆ. ಸಿಕ್ಕಿದ ಐಸ್ ಬಿಟ್ಟ ತಕ್ಷಣ ಡ್ರಮ್ ಕಾಲು ಸುತ್ತು ತಾನಾಗಿ ಜರಗುವುದೂ ಉಂಟು, ಬೆರಳಿಗೆ ಅಷ್ಟು ಸಾಕು. ಹಾಗಾಗಿ ಕರೆಂಟ್ ತೆಗೆದ ಮೇಲೂ ಕೈ ಬೇಡ, ಉದ್ದದ ಮರದ ಕೋಲು. ಕಬ್ಬಿಣದ ರಾಡ್ ಅಂತೂ ಬೇಡವೇ ಬೇಡ. ಓಡುವ ಡ್ರಮ್ ಮರವನ್ನು ಹಿಡಿದರೆ ಮರ ಪುಡಿಯಾಗುತ್ತದೆ. ಕಬ್ಬಿಣವನ್ನು ಹಿಡಿದರೆ ಅದು ಹಿಡಿದವನ ಹೊಟ್ಟೆಗೋ ದವಡೆಗೋ ಬರುತ್ತದೆ.

ಬೈರಾಸು ಇವತ್ತೇ ತೆಗೆಸಿ. ಹಾಗೇ ಕೈಗೆ ಕಟ್ಟಿದ ದೇವರ ನೂಲು, ಉಂಗುರ, ಉದ್ದ ತೋಳಿನ ಮಳೆಕೋಟು. ನೂಲು ತೆಗೆಯಲು ಅಮ್ಮ ಒಪ್ಪುವುದಿಲ್ಲ ಎಂದರೆ ತೋಳಿನ ಮೇಲ್ಭಾಗಕ್ಕೆ ಕಟ್ಟಲಿ. ಚಪ್ಪಲಿ ಬದಲು ಗಮ್‌ಬೂಟ್.

ಇನ್ನು ಕವರ್. ಅದನ್ನು ತೆಗೆದು ಇಟ್ಟದ್ದಕ್ಕೆ ಹುಡುಗರನ್ನು ಬೈದು ಪ್ರಯೋಜನ ಇಲ್ಲ. ಆ ಕವರ್ ಹಾಕಿದರೆ ಬ್ಲಾಕ್ ಒಳಗೆ ಹೋಗುತ್ತಿರಲಿಕ್ಕಿಲ್ಲ, ಅದಕ್ಕೇ ತೆಗೆದಿದ್ದಾರೆ. ಅಳತೆ ಇಲ್ಲದೆ ಒಟ್ರಾಸಿ ಮಾಡಿಟ್ಟ ಗಾರ್ಡ್ ಗೋಡೆಗೇ ಒರಗುವುದು. ಬಾಯಿಗೆ ಉದ್ದದ, ಇಳಿಜಾರಾದ ತಗಡಿನ ದಾರಿ ವೆಲ್ಡ್ ಮಾಡಿಸಿ, ಮೇಲೂ ಮುಚ್ಚಿಸಿದರೆ ಬ್ಲಾಕ್ ತನ್ನ ಭಾರಕ್ಕೆ ಜಾರಿ ಹೋಗುತ್ತದೆ. ಕೈಯಾಗಲಿ ಕಾಲಾಗಲಿ ಡ್ರಮ್ಮಿಗೆ ಎಟುಕುವುದೇ ಇಲ್ಲ. ವೆಲ್ಡಿಂಗ್ ಶಾಪಿನವನಿಗೆ ದೊಡ್ಡ ಕೆಲಸ ಅಲ್ಲ. ಧಣಿಗೆ ಇದನ್ನು ಕೆಲಸ ಬೇಗ ಆಗುತ್ತದೆ ಎಂದು ಹೇಳಿ. ಸೇಫ್ಟಿ ಎಂದರೆ ಖರ್ಚು ಅಂತ ಕೇಳಿಸುತ್ತದೆ ಅವರಿಗೆ.

ಬಂದರು ಐಸ್:

ನಾನು ಐಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್. ಯಾವ ಪ್ಲಾಂಟ್ ಎಂದು ಹೇಳುವುದಿಲ್ಲ.

ಫಿಟ್ಟರ್ ಅವರೇ, ಮೊಬೈಲಿನಲ್ಲಿ ಬರೆಯುವುದು ಸುಲಭ. ಬೆಳಿಗ್ಗೆ ನಾಲ್ಕಕ್ಕೆ ಬೋಟು ಲೈನಿನಲ್ಲಿ ನಿಂತಿರುವಾಗ ತಾಂಡೇಲ (ಬೋಟು ನಡೆಸುವವ) ಬೊಬ್ಬೆ ಹಾಕುತ್ತಾನೆ. ಅವನಿಗೆ ಐಸ್ ಸಿಗುವುದು ತಡವಾದರೆ ಪಕ್ಕದ ಪ್ಲಾಂಟಿಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಒಂದು ಪಾಳಿಯಲ್ಲಿ ಎಷ್ಟು ಸಲ ಜಾಮ್ ಆಗುತ್ತದೆ ಗೊತ್ತಾ? ಪ್ರತಿ ಸಲ ಫ್ಯೂಸ್ ತೆಗೆದು ಜೇಬಿಗೆ ಹಾಕಿದರೆ ಐಸ್ ಹಾಕುವುದು ಯಾವಾಗ?

ಇನ್ನೊಂದು. ನಾವು ಗಮ್‌ಬೂಟ್ ತಂದುಕೊಟ್ಟಿದ್ದೇವೆ. ಹುಡುಗರು ಹಾಕುವುದಿಲ್ಲ. ಒಳಗೆ ನೀರು ಹೋಗಿ ಕಾಲು ಕೊಳೆಯುತ್ತದೆ ಎನ್ನುತ್ತಾರೆ. ಎಲ್ಲ ತಪ್ಪು ಧಣಿಯ ಮೇಲೆ ಹಾಕುವುದು ಸರಿಯಲ್ಲ. ಐಸ್ ಪ್ಲಾಂಟಿನಲ್ಲಿ ಹೆದರಬೇಕಾದದ್ದು ತಂಪು ಮಾಡುವ ಅಮೋನಿಯಾ ಗ್ಯಾಸಿಗೆ. ಕ್ರಷರ್ ಒಂದು ಸಣ್ಣ ಮೆಷಿನ್.

ಬೈಕಂಪಾಡಿ ಫಿಟ್ಟರ್:

ಬಂದರು ಐಸ್ ಅವರೇ, ನೀವು ಬರೆದದ್ದರಲ್ಲಿ ಅರ್ಧ ಒಪ್ಪುತ್ತೇನೆ. ತಾಂಡೇಲನ ಬೊಬ್ಬೆ ನಾನೂ ಕೇಳಿದ್ದೇನೆ. ಮಂಗಳೂರು ದಕ್ಕೆಯಲ್ಲಿ (ಮೀನಿನ ಬೋಟು ನಿಲ್ಲುವ ಕಡೆ) ಅವರ ಬಾಯಿಗೆ ಸಿಕ್ಕಿ ಬದುಕುವುದೂ ಒಂದು ವಿದ್ಯೆ. ಗಮ್‌ಬೂಟಿನ ವಿಷಯವೂ ಸರಿ. ಎಲ್ಲರಿಗೂ ಒಂದೇ ಸೈಜ್ ತಂದು ಮೂಲೆಯಲ್ಲಿ ರಾಶಿ ಹಾಕಿದರೆ ಯಾರು ಹಾಕುತ್ತಾರೆ? ಒಬ್ಬೊಬ್ಬನಿಗೆ ಅವನ ಸೈಜಿನದು, ಹೆಸರು ಬರೆದು, ಎರಡು ಜೊತೆ ಕಾಲುಚೀಲದ ಜೊತೆ ಕೊಟ್ಟು ನೋಡಿ.

ಜಾಮ್ ಅಷ್ಟು ಸಲ ಆಗುತ್ತದೆ ಎಂದಿರಲ್ಲ, ಅಲ್ಲೇ ಉತ್ತರ ಉಂಟು. ಹಾಗೆ ಆಗುವ ಕ್ರಷರ್ ರಿಪೇರಿಗೆ ಬಂದಿದೆ ಎಂದರ್ಥ. ಮುಳ್ಳು ಸವೆದಿದೆಯಾ ನೋಡಿ, ಬೆಲ್ಟ್ ಸಡಿಲ ಆಗಿದೆಯಾ ನೋಡಿ. ಬೆಲ್ಟ್ ಜಾರಿದರೆ ಡ್ರಮ್ಮಿಗೆ ಬಲ ಸಿಗುವುದಿಲ್ಲ, ಐಸ್ ನಿಲ್ಲುತ್ತದೆ. ಜೂನ್, ಜುಲೈ ಎರಡು ತಿಂಗಳು ಬೋಟು ದಡದಲ್ಲಿ ಇರುವಾಗ ಮಾಡಬೇಕಾದ ಕೆಲಸ ಅದು. ಆಗ ಕಂಪ್ರೆಸರ್ ಬಿಚ್ಚುತ್ತಾರೆ, ಐಸ್ ಕಟ್ಟುವ ಕ್ಯಾನಿಗೆ ಪೇಂಟ್ ಹೊಡೆಯುತ್ತಾರೆ, ಕ್ರಷರನ್ನು ಯಾರೂ ಮುಟ್ಟುವುದಿಲ್ಲ. ಸಣ್ಣ ಮೆಷಿನ್ ಅಲ್ವಾ!

ಅಮೋನಿಯಾ ದೊಡ್ಡ ಅಪಾಯವೇ, ಅದನ್ನು ಯಾರು ಇಲ್ಲ ಎಂದರು? ಆದರೆ ಅದು ಸೋರಿದರೆ ಮೂಗು ಹೇಳುತ್ತದೆ, ಜನ ಓಡುತ್ತಾರೆ. ಕ್ರಷರಿಗೆ ವಾಸನೆ ಇಲ್ಲ.

ವಾಸನೆ ನಂಬಿಕೊಂಡು ಕೂರುವುದೂ ತಪ್ಪು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. 2022ರ ಏಪ್ರಿಲ್‌ನಲ್ಲಿ ಬಜ್ಪೆ ಹತ್ತಿರ ವಿಶೇಷ ಆರ್ಥಿಕ ವಲಯದ ಮೀನಿನ ಘಟಕದಲ್ಲಿ ಆದದ್ದು ನಿಮಗೆಲ್ಲ ನೆನಪಿರಬಹುದು. ತ್ಯಾಜ್ಯದ ಟ್ಯಾಂಕಿನ ವಿಷಗಾಳಿಗೆ ಒಬ್ಬ ಬಿದ್ದ. ಅವನನ್ನು ಎತ್ತಲು ಒಬ್ಬರ ಹಿಂದೆ ಒಬ್ಬರು ಇಳಿದರು. ಐದು ಜನ ಹೋದರು, ಎಲ್ಲ ಪಶ್ಚಿಮ ಬಂಗಾಳದ ಹುಡುಗರು. ಬಿದ್ದವನನ್ನು ಕಂಡ ಕೂಡಲೇ ಇಳಿಯುವುದು ಮನುಷ್ಯನ ಗುಣ. ಅದಕ್ಕೇ ಮುಂಚೆಯೇ ಹೇಳಿಟ್ಟಿರಬೇಕು: ಟ್ಯಾಂಕಿಗೆ ಇಳಿಯಬೇಡ, ಗಾಳಿ ಸಿಲಿಂಡರ್ ಇರುವವರನ್ನು ಕರೆ. ಕ್ರಷರಿನಲ್ಲೂ ಹಾಗೇ. ಒಬ್ಬನ ಕಾಲು ಸಿಕ್ಕಿದರೆ ಇನ್ನೊಬ್ಬ ಅವನನ್ನು ಎಳೆಯಲು ಹೋಗಬಾರದು, ಮೊದಲು ಸ್ವಿಚ್ಚಿಗೆ ಓಡಬೇಕು. ನಿಮ್ಮ ಪ್ಲಾಂಟಿನಲ್ಲಿ ಕ್ರಷರ್ ಬಾಯಿಯ ಹತ್ತಿರ ನಿಂತವನ ಕೈಗೆ ಎಟುಕುವ ಹಾಗೆ ಕೆಂಪು ಬಟನ್ ಉಂಟಾ, ಅಥವಾ ಕಂಪ್ರೆಸರ್ ರೂಮಿಗೇ ಓಡಬೇಕಾ? ಇವತ್ತು ಪಾಳಿಗೆ ಹೋದಾಗ ನೋಡಿ ಹೇಳಿ.

ನೆನಪಾಯಿತು, ಆಯುಧ ಪೂಜೆ ಹತ್ತಿರ ಬರುತ್ತಿದೆ. ಮೆಷಿನಿಗೆಲ್ಲ ಉದ್ದದ ಗೊಂಡೆ ಹೂವಿನ ಮಾಲೆ ಹಾಕಿ, ಭಟ್ಟರು ಆರತಿ ಎತ್ತಿದ ಮೇಲೆ "ಒಮ್ಮೆ ಸ್ಟಾರ್ಟ್ ಮಾಡಿ" ಎನ್ನುತ್ತಾರಲ್ಲ, ಆಗ ಮಾಲೆಯ ತುದಿ ಬೆಲ್ಟಿಗೆ ತಾಗುತ್ತದಾ ಎಂದು ಯಾರಾದರೂ ನೋಡಿ. ಒಂದು ಕಡೆ ಮಾಲೆ ಸುತ್ತಿಕೊಂಡಿತು, ಪಕ್ಕದಲ್ಲಿ ನಿಂತ ಧಣಿಯ ಮಗನ ಶಲ್ಯವೂ ಜೊತೆಗೆ. ಪುಣ್ಯಕ್ಕೆ ಶಲ್ಯ ಜಾರಿ ಬಿತ್ತು. ಮರುದಿನವೇ ಆ ಬೆಲ್ಟಿಗೆ ಜಾಲಿ ಗಾರ್ಡ್ ಬಂತು. ನಾನು ಎಷ್ಟು ಸಲ ಚೀಟಿ ಬರೆದು ಕೊಟ್ಟರೂ ಬಂದಿರಲಿಲ್ಲ.

ಮಣಿಪಾಲ ಕಟಿಂಗ್:

ನಾನು ಪ್ರಿಂಟಿಂಗ್ ಪ್ರೆಸ್ಸಿನ ಬೈಂಡಿಂಗ್ ಸೆಕ್ಷನ್ ಹುಡುಗ. ನಮ್ಮ ಪೇಪರ್ ಕಟಿಂಗ್ ಮೆಷಿನಿಗೆ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡ್ ಇಳಿಯುವುದು. ಎರಡೂ ಕೈ ಬಟನ್ ಮೇಲೆ ಇದ್ದರೆ ಬ್ಲೇಡಿನ ಅಡಿಗೆ ಇಡಲು ಮೂರನೇ ಕೈ ಇಲ್ಲವಲ್ಲ, ಅದಕ್ಕೆ.

ಆದರೆ ಶಾಲೆ ಶುರುವಾಗುವ ಮೊದಲು ನೋಟ್‌ಬುಕ್ ರಶ್ ಬಂದಾಗ ಕೆಲವರು ಒಂದು ಬಟನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿ ಒತ್ತಿದ ಹಾಗೇ ನಿಲ್ಲಿಸುತ್ತಾರೆ. ಒಂದು ಕೈಯಲ್ಲಿ ಪೇಪರ್ ಸರಿಸುವುದು, ಇನ್ನೊಂದರಲ್ಲಿ ಬಟನ್ ಒತ್ತುವುದು. ಹೊಸ ಮೆಷಿನಿಗೆ ಈ ಆಟ ನಡೆಯುವುದಿಲ್ಲ, ಪ್ರತಿ ಸಲ ಎರಡನ್ನೂ ಬಿಟ್ಟು ಒಟ್ಟಿಗೇ ಒತ್ತಬೇಕು. ಹಳೆಯದಕ್ಕೆ ನಡೆಯುತ್ತದೆ. ನಮ್ಮ ಫೋರ್‌ಮನ್ ರಬ್ಬರ್ ಬ್ಯಾಂಡ್ ಕಂಡರೆ ಏನೂ ಬೈಯುವುದಿಲ್ಲ, ಬ್ಲೇಡಿನ ಕೀ ತೆಗೆದುಕೊಂಡು ಚಾ ಕುಡಿಯಲು ಹೋಗುತ್ತಾರೆ. ಅರ್ಧ ಗಂಟೆ ಬರುವುದಿಲ್ಲ. ಪೀಸ್ ಲೆಕ್ಕದಲ್ಲಿ ಕೆಲಸ ಮಾಡುವವನಿಗೆ ಅರ್ಧ ಗಂಟೆ ಎಂದರೆ ಏನು ಅಂತ ಗೊತ್ತಲ್ಲ. ಬಂದರು ಐಸ್ ಅಣ್ಣ, ನೀವೂ ಟ್ರೈ ಮಾಡಬಹುದು.

ನರ್ಸ್ ಅಕ್ಕ ಉಡುಪಿ:

ಕ್ಯಾಶುವಲ್ಟಿಯಲ್ಲಿ ಕೆಲಸ ಮಾಡುತ್ತೇನೆ. ಐಸ್ ಪ್ಲಾಂಟ್ ಎಂದು ಓದಿದ್ದಕ್ಕೆ ಒಂದು ವಿಷಯ ಹೇಳಲೇಬೇಕು.

ಬೆರಳು ತುಂಡಾದರೆ ಜನ ಮೊದಲು ಮಾಡುವುದು ಅದನ್ನು ಐಸಿನಲ್ಲಿ ಹುಗಿಯುವುದು. ಐಸ್ ಪ್ಲಾಂಟಿನಲ್ಲಿ ಕೇಳುವುದೇ ಬೇಡ. ಹಾಗೆ ಮಾಡಬೇಡಿ. ಐಸ್ ನೇರ ತಾಗಿದರೆ ಬೆರಳಿನ ಮಾಂಸ, ರಕ್ತನಾಳ ಹೆಪ್ಪುಗಟ್ಟಿ ಹಾಳಾಗುತ್ತದೆ, ಆಮೇಲೆ ಜೋಡಿಸಲು ಆಗುವುದಿಲ್ಲ. ಮಣ್ಣು ಇದ್ದರೆ ಮೆಲ್ಲ ನೀರು ಹಾಯಿಸಿ, ಉಜ್ಜಬೇಡಿ. ಶುದ್ಧ ಬಟ್ಟೆಯನ್ನು ಸಲೈನ್ ಅಥವಾ ಶುದ್ಧ ನೀರಿನಲ್ಲಿ ಒದ್ದೆ ಮಾಡಿ ಹಿಂಡಿ, ಅದರಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಆ ಚೀಲವನ್ನು ಐಸ್ ಮತ್ತು ನೀರು ಎರಡೂ ಇರುವ ಇನ್ನೊಂದು ಚೀಲದಲ್ಲಿ ಇಡಿ. ಬೆರಳಿಗೆ ತಂಪು ತಾಗಬೇಕು, ಐಸ್ ತಾಗಬಾರದು.

ಗಾಯಕ್ಕೆ ಕಾಫಿ ಪುಡಿ, ಅರಿಶಿನ, ಸುಣ್ಣ ಏನೂ ಬೇಡ. ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಕೈ ಮೇಲಕ್ಕೆ ಎತ್ತಿ ಇಡಿ. ಉಳಿದ ಬೆರಳಿನ ಉಂಗುರ ತಕ್ಷಣ ತೆಗೆಯಿರಿ, ಊದಿಕೊಂಡ ಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಆಪರೇಷನ್ ಬೇಕಾಗಬಹುದು, ಹಾಗಾಗಿ ದಾರಿಯಲ್ಲಿ ಚಾ, ನೀರು ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ, ಬೆರಳು ಜೋಡಿಸುವ ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಮೊದಲು ಹೊಲಿಗೆ ಹಾಕಿಸಿಕೊಂಡು ಬರುವುದರಲ್ಲಿ ಹೊತ್ತು ಹೋಗುತ್ತದೆ.

ಇನ್ನೊಂದು ಮಾತು. ಬ್ಲೇಡಿನಲ್ಲಿ ಚೊಕ್ಕವಾಗಿ ತುಂಡಾದದ್ದನ್ನು ಜೋಡಿಸುವ ಅವಕಾಶ ಜಾಸ್ತಿ. ಕ್ರಷರ್, ರೋಲರ್, ಸ್ಕ್ರೂ ಇವುಗಳಲ್ಲಿ ಜಜ್ಜಿ ಹೋದದ್ದು ಹಾಗಲ್ಲ. ಚೀಲದಲ್ಲಿ ತಂದರೂ ಡಾಕ್ಟರ್ ನೋಡಿ ಸುಮ್ಮನೆ ತಲೆ ಆಡಿಸುವುದನ್ನು ನಾನು ಕಂಡಿದ್ದೇನೆ.

ಲೆಕ್ಕದವ ಪಣಂಬೂರು:

ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಫ್ಯಾಕ್ಟರಿಗಳ ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ), ಪಿಎಫ್ ಲೆಕ್ಕ ನೋಡುವುದು ನನ್ನ ಕೆಲಸ.

ಅಕ್ಕ, ಮೊದಲು ಅಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ ಕೇಳಿ. ಕಂಟ್ರಾಕ್ಟಿನವರೂ ಸೇರಿ 10 ಅಥವಾ ಜಾಸ್ತಿ ಇದ್ದರೆ ಇಎಸ್‌ಐ ಕಡ್ಡಾಯ. ತಿಂಗಳಿಗೆ 21,000 ತನಕ ಸಂಬಳ ಇದ್ದವರು ಇದರಲ್ಲಿ ಬರುತ್ತಾರೆ. ತಮ್ಮನ ಸಂಬಳದಿಂದ ಶೇಕಡಾ 0.75 ಕಡಿತ ಆಗುತ್ತಿದೆಯಾ, ಅವನಿಗೆ ಇಎಸ್‌ಐ ನಂಬರ್ ಕೊಟ್ಟಿದ್ದಾರಾ ನೋಡಿ. ಕಾಯಿಲೆಯ ಭತ್ಯೆ ಸಿಗಲು ಇಷ್ಟು ದಿನ ದುಡ್ಡು ಕಟ್ಟಿರಬೇಕು ಎಂದು ಉಂಟು. ಕೆಲಸದಲ್ಲಿ ಆದ ಗಾಯಕ್ಕೆ ಹಾಗಿಲ್ಲ, ಸೇರಿದ ಮೊದಲ ದಿನವೇ ಆದರೂ ಸಿಗುತ್ತದೆ. ಮನೆಯಲ್ಲಿ ಕೂರಬೇಕಾದ ದಿನಗಳಿಗೆ ಸಂಬಳದ ಶೇಕಡಾ 90ರ ಲೆಕ್ಕದಲ್ಲಿ ಬರುತ್ತದೆ. ಶಾಶ್ವತವಾಗಿ ಅಂಗ ಊನ ಆದರೆ ಮೆಡಿಕಲ್ ಬೋರ್ಡ್ ನೋಡಿ ತಿಂಗಳ ಭತ್ಯೆ ನಿಶ್ಚಯ ಮಾಡುತ್ತದೆ.

10 ಜನ ಇಲ್ಲದಿದ್ದರೂ ಧಣಿ ಕೈ ತೊಳೆದುಕೊಳ್ಳುವ ಹಾಗಿಲ್ಲ. 1923ರಲ್ಲೇ ಪರಿಹಾರದ ಕಾಯ್ದೆ ಬಂದಿದೆ. ಅದರ ಕೊನೆಯಲ್ಲಿ ಒಂದು ಪಟ್ಟಿ ಉಂಟು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯ ಶೇಕಡಾ 30 ನಷ್ಟ, ಪೂರ್ತಿ ತೋರುಬೆರಳಿಗೆ 14, ನಡುಬೆರಳಿಗೆ 12, ಒಂದು ಕೈಯ ನಾಲ್ಕು ಬೆರಳಿಗೆ 50. ತೋರುಬೆರಳಿನ ತುದಿ ಮಾತ್ರ, ಮೂಳೆ ಉಳಿದಿದ್ದರೆ 5. ಮೀನು ಮಾರ್ಕೆಟಿನ ದರಪಟ್ಟಿ ಓದಿದ ಹಾಗೆ ಆಗುತ್ತದೆ ನನಗೆ. ಆ ಕಾಯ್ದೆಯ ಲೆಕ್ಕದಲ್ಲಿ ಸಂಬಳ 15,000 ಎಂದು ಹಿಡಿದರೆ ಅದರ ಶೇಕಡಾ 60, ಅಂದರೆ 9,000. 22 ವರ್ಷದವನಿಗೆ ಅದನ್ನು 221.37ರಿಂದ ಗುಣಿಸಬೇಕು. ತೋರುಬೆರಳಿಗೆ ಅದರಲ್ಲಿ ಶೇಕಡಾ 14. ಸುಮಾರು 2 ಲಕ್ಷ 79 ಸಾವಿರ. ಒಮ್ಮೆ ಕೊಟ್ಟರೆ ಮುಗಿಯಿತು. ತಮ್ಮನಿಗೆ ಈ ಲೆಕ್ಕ ತೋರಿಸಿ, ಬೆರಳನ್ನು ಈ ರೇಟಿಗೆ ಕೊಡುತ್ತೀಯಾ ಎಂದು ಕೇಳಿ. ಇಎಸ್‌ಐ ಇದ್ದವರಿಗೆ ಈ ದಾರಿ ಇಲ್ಲ, ಎರಡರಲ್ಲಿ ಒಂದೇ.

ಈ ಹಳೆ ಕಾಯ್ದೆಗಳ ಜಾಗಕ್ಕೆ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಾಗಾಗಿ ಕ್ಲೇಮ್ ಹಾಕುವ ಹೊತ್ತಿಗೆ ಯಾವ ಕಲಂ ಎಂದು ವಕೀಲರ ಹತ್ತಿರ ಕೇಳಿಕೊಳ್ಳಿ. ಓಡುವ ಮೆಷಿನಿಗೆ ಗಾರ್ಡ್ ಇರಲೇಬೇಕು ಎನ್ನುವುದು 1948ರ ಕಾರ್ಖಾನೆ ಕಾಯ್ದೆಯಿಂದಲೂ ಉಂಟು. ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ದೂರು ಕೊಡಬಹುದು. ದೂರು ಕೊಟ್ಟವರ ಹೆಸರನ್ನು ಇನ್ಸ್‌ಪೆಕ್ಟರ್ ಹೊರಗೆ ಹೇಳಬಾರದು ಎಂದು ಆ ಕಾಯ್ದೆಯಲ್ಲೇ ಇತ್ತು. ಆದರೆ ನಾಲ್ಕು ಜನ ಕೆಲಸ ಮಾಡುವ ಜಾಗದಲ್ಲಿ ಹೆಸರು ಹೇಳದಿದ್ದರೂ ಯಾರು ಎಂದು ಗೊತ್ತಾಗುತ್ತದೆ. ಹಾಗಾಗಿ ಮೊದಲು ಫಿಟ್ಟರ್ ಹೇಳಿದ ವೆಲ್ಡಿಂಗ್ ದಾರಿಯೇ ಒಳ್ಳೆಯದು.

ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇರುವ ಪುಟದ ಫೋಟೊ, ಸಂಬಳ ಬ್ಯಾಂಕಿಗೆ ಬಂದ ಮೆಸೇಜ್, ಎರಡೂ ಜೋಪಾನ ಮಾಡಿ. ಅಪಘಾತ ಆದ ಮೇಲೆ "ಇವನು ನಮ್ಮವನೇ ಅಲ್ಲ, ಸುಮ್ನೆ ಬಂದಿದ್ದ" ಎನ್ನುವವರನ್ನು ನಾನು ನೋಡಿದ್ದೇನೆ.

ಉದ್ಯಾವರದ ಅಕ್ಕ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ತಮ್ಮನಿಗೆ ಎಲ್ಲ ಓದಿ ಹೇಳಿದೆ. ಕಾಲಿನ ಮಾತಿಗೆ ನಗಾಡಿದ. ಬೆರಳಿನ ರೇಟ್ ಕೇಳಿ ಮಾತಾಡಲಿಲ್ಲ. ಬೈರಾಸು ಹಾಕುವುದಿಲ್ಲ ಎಂದು ಒಪ್ಪಿದ್ದಾನೆ. ಇಎಸ್‌ಐ ನಂಬರ್ ಅವನಿಗೆ ಗೊತ್ತಿಲ್ಲ, ಕೇಳುತ್ತಾನಂತೆ.

ಫಿಟ್ಟರ್ ಅಣ್ಣ, ಅವನದ್ದು ಒಂದು ವಾದ. ಅಲ್ಲಿ ಹಿಡಿಕೆ ಸ್ವಿಚ್ ಇಲ್ಲವಂತೆ, ಹಸಿರು ಕೆಂಪು ಬಟನ್ ಇರುವ ಸ್ಟಾರ್ಟರ್ ಅಂತೆ. ಕರೆಂಟ್ ಹೋಗಿ ಬಂದರೂ ಅದು ತಾನಾಗಿ ಸ್ಟಾರ್ಟ್ ಆಗುವುದಿಲ್ಲವಂತೆ. ಐಟಿಐಯಲ್ಲಿ ಕಲಿಸಿದ್ದಾರಂತೆ. ಹೌದಾ?

ಬೈಕಂಪಾಡಿ ಫಿಟ್ಟರ್:

ಐಟಿಐಯಲ್ಲಿ ಕಲಿಸಿದ್ದು ಸರಿ. ಹುಡುಗ ಕ್ಲಾಸಿನಲ್ಲಿ ಪೂರ್ತಿ ನಿದ್ದೆ ಮಾಡಿಲ್ಲ. ಆ ಸ್ಟಾರ್ಟರಿನ ಒಳಗೆ ಸ್ವಿಚ್ಚನ್ನು ಹಿಡಿದುಕೊಳ್ಳುವ ಒಂದು ಕಾಯಿಲ್ ಇರುತ್ತದೆ. ಕರೆಂಟ್ ಹೋದರೆ ಕಾಯಿಲ್ ಬಿಡುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಹಸಿರು ಒತ್ತಿದರೇ ಹಿಡಿಯುವುದು.

ಆದರೆ ಹಳೆ ಸ್ಟಾರ್ಟರಿನಲ್ಲಿ ಕಾಂಟಾಕ್ಟ್ (ಕರೆಂಟ್ ಸೇರಿಸುವ ತುಂಡು) ಸವೆದು, ಬಟನ್ ಬಿಟ್ಟ ಕೂಡಲೇ ಮೋಟಾರ್ ನಿಲ್ಲಲು ಶುರುವಾಗುತ್ತದೆ. ಆಗ ನಮ್ಮವರು ಏನು ಮಾಡುತ್ತಾರೆ ಗೊತ್ತಾ? ಹಸಿರು ಬಟನ್ ಒತ್ತಿ, ಪಕ್ಕದ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸುತ್ತಾರೆ. ಐಸ್ ಪ್ಲಾಂಟಿನಲ್ಲಿ ಐಸ್‌ಕ್ರೀಂ ಕಡ್ಡಿಯೂ ನೋಡಿದ್ದೇನೆ. ಮೆಷಿನ್ ಚಂದ ಓಡುತ್ತದೆ. ಕರೆಂಟ್ ಹೋಗಿ ಬಂದರೆ ತಾನಾಗಿ ಸ್ಟಾರ್ಟ್ ಆಗುತ್ತದೆ, ಐಟಿಐ ಪಾಠ ಅಲ್ಲಿಗೆ ಮುಗಿಯಿತು. ಕಾಂಟಾಕ್ಟ್ ಸುಟ್ಟು ಒಂದಕ್ಕೊಂದು ಅಂಟಿಕೊಂಡರೂ ಅದೇ ಕಥೆ, ಅದಂತೂ ಹೊರಗೆ ಕಾಣುವುದೂ ಇಲ್ಲ.

ನಾಳೆ ಪಾಳಿಗೆ ಹೋದಾಗ ಆ ಬಟನ್ ಸುತ್ತ ಏನಾದರೂ ಸಿಕ್ಕಿಸಿದ್ದಾರಾ ನೋಡಲಿ. ಇದ್ದರೆ ಅವನು ಎಳೆಯಬಾರದು, ಓಡುವ ಮೆಷಿನ್ ಹತ್ತಿರ ಬೇರೆಯವರು ನಿಂತಿರುತ್ತಾರೆ. ಎಲೆಕ್ಟ್ರಿಷಿಯನ್‌ಗೆ ಹೇಳಲಿ. ಸ್ಟಾರ್ಟರಿನ ಕಾಂಟಾಕ್ಟ್ ಕಿಟ್ ಸಿಗುತ್ತದೆ, ಉಡುಪಿಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿ. ಸ್ಟಾರ್ಟರಿನ ಮುಚ್ಚಳದ ಮೇಲೆ ಕಂಪನಿ ಹೆಸರು, ಮಾಡೆಲ್, ಆಂಪಿಯರ್ ಬರೆದಿರುತ್ತದೆ. ಅದರ ಫೋಟೊ ತೆಗೆದು ಇಲ್ಲಿ ಹಾಕಿ, ಯಾವ ಕಿಟ್ ಬೇಕು ಎಂದು ನಾನು ಹೇಳುತ್ತೇನೆ.